ಮಂಗಳೂರಿಗೆ ಬಂದ ಮಿಷನರಿಯ ಮಗ

ತೊಂಡೇಬಾವಿಯಲ್ಲಿರೋ ಅಪ್ಪನ ಹತ್ತಿರ ಮಾತು ಬಿಟ್ಟು ಬೆಂಗಳೂರಿನ ಪಿಜಿಯಲ್ಲಿ ಇರೋರು ನಿಮ್ಮಲ್ಲೂ ಇದ್ದೀರಿ. ಇವತ್ತು ಲೇಖಕ ಹರ್ಮನ್ ಹೆಸ್ಸೆ ಅವರ ಜೀವನ ಹೇಳ್ತೀನಿ, ಕೇಳಿ.

ಅವರ ತಂದೆ ಯೊಹಾನ್ನೆಸ್ ಹೆಸ್ಸೆ, ಬಾಸೆಲ್ ಮಿಷನ್ ಸೇವಕರು. 1869ರಲ್ಲಿ ಹೊರಟು ನಮ್ಮ ಮಂಗಳೂರಿಗೆ ಬಂದವರು, ಆರೋಗ್ಯ ಕೆಟ್ಟು 1873ರಲ್ಲಿ ಯುರೋಪಿಗೆ ವಾಪಸ್ ಹೋದರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಪ್ರಾರ್ಥನೆ ತಪ್ಪದ ಮನೆ. ಮಗ ಮಾತ್ರ ಹಟಮಾರಿ. ಅವನೂ ಸೇವೆಗೆ ಬರಬೇಕೆಂದು ಸೆಮಿನರಿಗೆ ಸೇರಿಸಿದರು. 1892ರಲ್ಲಿ, ಹದಿನಾಲ್ಕನೇ ವಯಸ್ಸಲ್ಲಿ, ಅಲ್ಲಿಂದ ಓಡಿಹೋದ. ಸಾಯೋದಕ್ಕೂ ಪ್ರಯತ್ನಪಟ್ಟ. ಆಮೇಲೆ ಹೆತ್ತವರು ಅವನನ್ನು ಸ್ಟೆಟನ್ ಎಂಬಲ್ಲಿ ಮಾನಸಿಕ ರೋಗಿಗಳ ಆಶ್ರಮದಲ್ಲಿ ಇಟ್ಟರು. ಅಲ್ಲಿಂದ ಅಪ್ಪನಿಗೆ ಒಂದು ಕಾಗದ ಬರೆದ, ಯಾರೋ ಆಫೀಸರಿಗೆ ಬರೆಯೋ ಹಾಗೆ!

ಅಪ್ಪ ಕೆಟ್ಟವರಲ್ಲ, ಭಕ್ತರೇ. ಕಷ್ಟ ಇರೋದೇ ಅಲ್ಲಿ. ದೇವರ ಹೆಸರಲ್ಲಿ ಅಪ್ಪ ಹಟ ಹಿಡಿದರೆ ಮಗ ಯಾರ ಹತ್ತಿರ ದೂರು ಹೇಳಬೇಕು? ಪಾಸ್ಟರ್ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

1916ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಹೆಸ್ಸೆ ಆಗ ಹೆಸರಾದ ಲೇಖಕರು, ಮೂರು ಮಕ್ಕಳ ತಂದೆ. ಆದರೂ ಆ ಸಾವಿನಿಂದ ಕುಸಿದುಹೋದರು, ಅದೇ ವರ್ಷ ಮನಸ್ಸಿನ ಚಿಕಿತ್ಸೆಗೆ ಹೋದರು. ಅಪ್ಪನ ನೆನಪಿಗೆ ಒಂದು ಲೇಖನವನ್ನೂ ಬರೆದರು.

1922ರಲ್ಲಿ ಅವರ ಸಿದ್ಧಾರ್ಥ ಕಾದಂಬರಿ ಬಂತು. ಅದು ನಮ್ಮ ವಿಶ್ವಾಸದ ಪುಸ್ತಕ ಅಲ್ಲ, ನನಗೆ ಗೊತ್ತು. ಅದರಲ್ಲಿ ಅಪ್ಪನನ್ನು ಬಿಟ್ಟು ಬಂದ ಒಬ್ಬ ಮಗ ಇದ್ದಾನೆ. ಎಷ್ಟೋ ವರ್ಷದ ಮೇಲೆ ಅವನ ಮಗನೂ ಅವನನ್ನು ಬಿಟ್ಟು ಓಡಿಹೋಗ್ತಾನೆ. ಹುಡುಕೋಕೆ ಹೊರಟವನು ಹೊಳೆ ನೀರಲ್ಲಿ ಬಗ್ಗಿ ನೋಡಿದರೆ ಕಾಣಿಸಿದ್ದು ತನ್ನದೇ ಮುಖ, ಆದರೆ ಥೇಟ್ ಅಪ್ಪನ ಹಾಗೇ ಇತ್ತು.