ಚಾರ್ಲ್ಸ್ ಎಡ್ವರ್ಡ್ ಬ್ರೌನ್-ಸೆಕಾರ್

ಚಾರ್ಲ್ಸ್ ಎಡ್ವರ್ಡ್ ಬ್ರೌನ್-ಸೆಕಾರ್ (ಏಪ್ರಿಲ್ 8, 1817 – ಏಪ್ರಿಲ್ 2, 1894) ಮಾರಿಷಸ್‌ನಲ್ಲಿ ಜನಿಸಿದ ಶರೀರಕ್ರಿಯಾ ವಿಜ್ಞಾನಿ ಹಾಗೂ ನರರೋಗ ತಜ್ಞರು. ಹಾರ್ಮೋನು ಚಿಕಿತ್ಸೆಯ ಆದ್ಯರಲ್ಲಿ ಇವರೂ ಒಬ್ಬರು.

ಸಂಶೋಧನೆ

ಮೆದುಳುಬಳ್ಳಿಯ ಅರ್ಧಭಾಗಕ್ಕೆ ಹಾನಿಯಾದಾಗ ಅದೇ ಬದಿಯ ಚಲನಶಕ್ತಿಯೂ ಎದುರು ಬದಿಯ ನೋವಿನ ಅರಿವೂ ನಷ್ಟವಾಗುವುದನ್ನು ವಿವರಿಸಿದರು. ಆ ಸ್ಥಿತಿಗೆ ಇವರ ಹೆಸರೇ ಇದೆ. 1856ರಲ್ಲಿ ಅಡ್ರಿನಲ್ ಗ್ರಂಥಿಗಳು ಜೀವಧಾರಣೆಗೆ ಅವಶ್ಯವೆಂದು ಪ್ರಯೋಗಗಳಿಂದ ತೋರಿಸಿದರು. 1878ರಲ್ಲಿ ಕ್ಲೋಡ್ ಬರ್ನಾರ್ಡ್ ಅವರ ನಂತರ ಪ್ಯಾರಿಸ್‌ನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು.

ವೃಷಣಸಾರದ ವಿವಾದ

ನಾಯಿ ಮತ್ತು ಗಿನಿಯಿಲಿಗಳ ವೃಷಣಗಳಿಂದ ತೆಗೆದ ದ್ರವವನ್ನು ಚುಚ್ಚಿಕೊಂಡ ಬಳಿಕ ತಮ್ಮ ದೇಹಬಲವೂ ಬೌದ್ಧಿಕ ಚೈತನ್ಯವೂ ಮರಳಿದವೆಂದು 1889ರ ಜೂನ್ 1ರಂದು, 72ನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನ ಜೀವವಿಜ್ಞಾನ ಸಂಘದಲ್ಲಿ ವರದಿ ಮಾಡಿದರು. ಪತ್ರಿಕೆಗಳು ಇದನ್ನು ಯೌವನದ ಸಂಜೀವಿನಿಯೆಂದು ಸಾರಿದವು. ಜೊತೆಗೆ ಮುದುಕನ ಭ್ರಮೆಯೆಂದು ಅಪಹಾಸ್ಯವನ್ನೂ ಮಾಡಿದವು. ಇವರು ಆ ಸಾರವನ್ನು ವೈದ್ಯರಿಗೆ ಉಚಿತವಾಗಿ ಹಂಚಿದರೂ, ಇವರ ಹೆಸರಿನಲ್ಲಿ ಔಷಧ ಮಾರಿದವರಿಂದಾಗಿ ಕಳಂಕ ಹೆಚ್ಚಿತು.

ನೀರಿನಲ್ಲಿ ತೆಗೆದ ಆ ಸಾರದಲ್ಲಿ ಹಾರ್ಮೋನು ಅತ್ಯಲ್ಪವಾಗಿದ್ದು, ಅವರು ಕಂಡ ಪರಿಣಾಮ ನಂಬಿಕೆಯಿಂದ ಉಂಟಾದುದೆಂದು ಇಂದು ಭಾವಿಸಲಾಗಿದೆ. ಆದರೆ ಗ್ರಂಥಿಗಳ ಸ್ರಾವ ರಕ್ತದ ಮೂಲಕ ದೇಹವನ್ನು ನಿಯಂತ್ರಿಸುತ್ತದೆ ಎಂಬ ಇವರ ಮೂಲ ಕಲ್ಪನೆ ನಿಜವಾಯಿತು. 1891ರಲ್ಲಿ ಥೈರಾಯ್ಡ್ ಸಾರದ ಚಿಕಿತ್ಸೆ ಯಶಸ್ವಿಯಾಯಿತು. 1935ರಲ್ಲಿ ಟೆಸ್ಟೋಸ್ಟಿರಾನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು.