ಸಾಣೆಚಕ್ರದ ಹೆಸರಿನಲ್ಲಿ ನಮ್ಮ ನೆಲದ ನುಡಿ: ಎಡ್ವರ್ಡ್ ಆಚೆಸನ್

ಕುಡುಗೋಲಿಗೆ ಸಾಣೆ ಹಿಡಿಯುವಲ್ಲಿ ನಿಂತು ಕಿಡಿ ನೋಡದ ಮಕ್ಕಳು ನಮ್ಮ ಪೆರಿಯಕುಳಂನಲ್ಲಿ ಇರಲಾರರು. ಆ ಚಕ್ರವನ್ನು ಅನೇಕರು ಕಾರ್ಬೊರಂಡಂ ಕಲ್ಲು ಎಂದೇ ಕರೆಯುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬೆಳೆಯುವ ಮಕ್ಕಳು ಈ ಹೆಸರಿನ ಕಥೆಯನ್ನು ಅರಿಯಬೇಕೆಂದು ನಮ್ಮ ಆಸೆ.

ಹೆಸರಿಟ್ಟವರು ಎಡ್ವರ್ಡ್ ಗುಡ್ರಿಚ್ ಆಚೆಸನ್. 1856ರ ಮಾರ್ಚ್ 9ರಂದು ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದರು. 1880ರಲ್ಲಿ ಸೇರಿದ ಎಡಿಸನ್ನರ ಪ್ರಯೋಗಾಲಯವೇ ಅವರಿಗೆ ಕಾಲೇಜಾಯಿತು.

1891ರಲ್ಲಿ ಆಚೆಸನ್ ಕಬ್ಬಿಣದ ಬಟ್ಟಲಿನಲ್ಲಿ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ಬೆರೆಸಿ, ನಡುವೆ ಇಂಗಾಲದ ಕಡ್ಡಿ ನಿಲ್ಲಿಸಿ, ಬಲವಾದ ವಿದ್ಯುತ್ತನ್ನು ಹರಿಸಿದರು. ತಣಿದ ಮೇಲೆ ಕಡ್ಡಿಗೆ ಹೊಳೆಯುವ ಹರಳುಗಳು ಅಂಟಿಕೊಂಡಿದ್ದವು. ಅವು ಗಾಜನ್ನು ಗೀರಿದವು. ಇಂಗಾಲವೂ ಕೊರಂಡಮ್ಮೂ ಕೂಡಿದ ವಸ್ತುವಿದು ಎಂದು ಭಾವಿಸಿದ ಅವರು ಎರಡು ಹೆಸರನ್ನೂ ಹೆಣೆದರು. ಕೊರಂಡಂ ಎಂಬುದು ತಮಿಳಿನ ಕುರುಂದಂ, ಕನ್ನಡದಲ್ಲಿ ಕುರುವಿಂದ. ಸೇಲಂ, ಮೈಸೂರು ಸೀಮೆಗಳಲ್ಲಿ ದೊರೆಯುವ ಈ ಕಲ್ಲಿನ ಪುಡಿಯನ್ನು ಅರಗಿನೊಡನೆ ಬೆರೆಸಿ ನಮ್ಮ ಹಿರಿಯರು ಸಾಣೆ ಮಾಡುತ್ತಿದ್ದರು. ಪರೀಕ್ಷಿಸಿದಾಗ ಹೊಸ ಹರಳು ಸಿಲಿಕಾನ್ ಮತ್ತು ಇಂಗಾಲಗಳ ಸಂಯುಕ್ತವೆಂದು ತಿಳಿಯಿತು, ಅದರಲ್ಲಿ ಕುರುವಿಂದವಿರಲಿಲ್ಲ. ಹೆಸರು ಮಾತ್ರ ಉಳಿಯಿತು. ಈ ತಪ್ಪಿನ ಬಗ್ಗೆ ನಮಗೆ ಬೇಸರವೇನಿಲ್ಲ!

ಮೊದಲ ಗಿರಾಕಿಗಳು ರತ್ನ ಉಜ್ಜುವವರು. 1893ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷದ ಶಿಕಾಗೋ ಪ್ರದರ್ಶನದ ವಿದ್ಯುದ್ದೀಪಗಳ ಗಾಜಿನ ಬಿರಡೆಗಳನ್ನು ಈ ಚಕ್ರಗಳಿಂದಲೇ ಉಜ್ಜಲಾಯಿತು. 1895ರಲ್ಲಿ ಕಾರ್ಖಾನೆ ಅಗ್ಗದ ವಿದ್ಯುತ್ತಿಗಾಗಿ ನಯಾಗರಾಕ್ಕೆ ಸಾಗಿತು. ವಿಸ್ತರಣೆಗೆ ಸಾಲ ಬೇಕಾಯಿತು. ಸಾಲ ಕೊಟ್ಟ ಬ್ಯಾಂಕಿನವರ ಕೈಗೆ ಆಡಳಿತ ಹೋಯಿತು, ಕಂಡುಹಿಡಿದವರೇ ಬದಿಗೆ ಸರಿದರು. ಅದೇ ಕುಲುಮೆಯ ಬಗೆಯಲ್ಲಿ ಅವರು ಕೃತಕ ಗ್ರಾಫೈಟನ್ನೂ ತಯಾರಿಸಿದ್ದರು. 1931ರ ಜುಲೈ 6ರಂದು ನಿಧನರಾದರು.

ಉಕ್ಕಿನ ವಿಷಯದಲ್ಲಿ ಆಚೆಸನ್ನರ ಹರಳಿಗೆ ಒಂದು ಕೊರತೆಯಿದೆ. ಉಜ್ಜುವಾಗಿನ ಕಾವಿನಲ್ಲಿ ಅದರ ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ, ಹರಳು ಬೇಗ ಸವೆಯುತ್ತದೆ. ವಜ್ರಕ್ಕೂ ಇದೇ ಪಾಡು. 1957ರಲ್ಲಿ ರಾಬರ್ಟ್ ವೆಂಟಾರ್ಫ್ ಸೃಷ್ಟಿಸಿದ, ಇಂಗಾಲವಿಲ್ಲದ ಘನಾಕೃತಿಯ ಬೋರಾನ್ ನೈಟ್ರೈಡ್ ಗಡಸು ಉಕ್ಕಿಗೆ ಒಗ್ಗುತ್ತದೆ. ಸಾಮಾನ್ಯ ಉಕ್ಕಿಗೆ ಇಂದಿಗೂ ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಕುರುವಿಂದವೇ ಒಗ್ಗುತ್ತದೆ.

1954ರಲ್ಲಿ ಮದರಾಸಿನಲ್ಲಿ ಮುರುಗಪ್ಪ ಮನೆತನದವರು ಕಾರ್ಬೊರಂಡಂ ಯೂನಿವರ್ಸಲ್ ಸ್ಥಾಪಿಸಿದಾಗ, ಕಡಲಾಚೆ ಹೋದ ಹೆಸರು ತಮಿಳುನಾಡಿಗೇ ಮರಳಿತು. ಲೇತ್ ಅಂಗಡಿಯಲ್ಲಿ ಹಸಿರು ಚಕ್ರ ಕಂಡರೆ ಅದು ಆಚೆಸನ್ನರ ವಸ್ತು. ಉಕ್ಕಿಗೆ ಹಿಡಿದ ಬಿಳಿ ಚಕ್ರ ಕುರುವಿಂದದ ಕುಲದ್ದು.