ಎಡ್ವರ್ಡ್ ಎಚ್. ಫಾಕ್ನರ್

ಎಡ್ವರ್ಡ್ ಎಚ್. ಫಾಕ್ನರ್ (1886–1964) ಉಳುಮೆಯ ಅಗತ್ಯವನ್ನೇ ಪ್ರಶ್ನಿಸಿದ ಅಮೆರಿಕದ ಕೃಷಿ ಲೇಖಕರು. ಕೆಂಟಕಿ ರಾಜ್ಯದಲ್ಲಿ ಜನಿಸಿದ ಇವರು ಕೆಂಟಕಿ ಹಾಗೂ ಒಹಾಯೊ ರಾಜ್ಯಗಳಲ್ಲಿ ರೈತರಿಗೆ ಸಲಹೆ ನೀಡುವ ಕೃಷಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಅನಂತರ ಒಹಾಯೊದ ಎಲಿರಿಯಾದಲ್ಲಿ ನೆಲೆಸಿ ಪ್ರಯೋಗಗಳನ್ನು ಕೈಗೊಂಡರು.

ಪ್ರಮುಖ ಕೃತಿ

1930ರ ದಶಕದ ದೂಳಿನ ಬಿರುಗಾಳಿಗಳು ಅಮೆರಿಕದ ಬಯಲುಸೀಮೆಯ ಮೇಲ್ಮಣ್ಣನ್ನು ಹೊತ್ತೊಯ್ದಿದ್ದವು. 1943ರಲ್ಲಿ ಪ್ರಕಟವಾದ ‘ಪ್ಲೌಮನ್ಸ್ ಫಾಲಿ’ ಕೃತಿಯಲ್ಲಿ ಫಾಕ್ನರ್ ಮಣ್ಣು ಮಗುಚುವ ನೇಗಿಲನ್ನು ಕಟುವಾಗಿ ಟೀಕಿಸಿದರು. ಹಸಿರೆಲೆ ಗೊಬ್ಬರದ ಬೆಳೆಯನ್ನು ತಟ್ಟೆ ಕುಂಟೆಯಿಂದ ಮೇಲ್ಪದರದಲ್ಲಿಯೇ ಬೆರೆಸಬೇಕೆಂಬುದು ಇವರ ಸಲಹೆ. ಈ ಕೃತಿ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಕಳೆಯ ಸಮಸ್ಯೆ

ಆಳದಲ್ಲಿ ಹುದುಗಿದ ಕಳೆಬೀಜಗಳನ್ನು ಉಳುಮೆಯೇ ಮೇಲೆ ತರುತ್ತದೆ ಎಂದು ಫಾಕ್ನರ್ ವಾದಿಸಿದರು. ಬೀಜದಿಂದ ಹುಟ್ಟುವ ಕಳೆಗಳಿಗೆ ಈ ವಾದ ಒಪ್ಪುತ್ತದೆ. ಆದರೆ ಗರಿಕೆ, ಜೇಕು, ಜಾನ್ಸನ್ ಹುಲ್ಲಿನಂತಹ ಬಹುವಾರ್ಷಿಕ ಕಳೆಗಳು ನೆಲದಡಿಯ ಕಾಂಡ ಅಥವಾ ಗೆಡ್ಡೆಗಳಿಂದಲೂ ಚಿಗುರುತ್ತವೆ. ಕುಂಟೆ ತುಂಡರಿಸಿದ ಕಾಂಡದ ಪ್ರತಿ ಗೆಣ್ಣೂ ಹೊಸ ಗಿಡವಾಗಬಲ್ಲದು.

ಫಾಕ್ನರ್ ಅವರ ಕೊನೆಯ ವರ್ಷಗಳಲ್ಲಿ, 1962ರಲ್ಲಿ, ಕೆಂಟಕಿಯ ಕ್ರಿಶ್ಚಿಯನ್ ಕೌಂಟಿಯಲ್ಲಿ ಉಳುಮೆಯಿಲ್ಲದೆ ಮೆಕ್ಕೆಜೋಳ ಬೆಳೆಯುವ ಪ್ರಯತ್ನ ನಡೆಯಿತು. ಇದಕ್ಕೆ ಕಳೆನಾಶಕಗಳು ನೆರವಾದವು. ಮುಂದೆ ಬಳಕೆಗೆ ಬಂದ ಪ್ಯಾರಾಕ್ವಾಟ್ ಎಲೆಗಳನ್ನು ಸುಟ್ಟರೂ ಬಹುವಾರ್ಷಿಕ ಕಳೆಗಳು ಮತ್ತೆ ಚಿಗುರುತ್ತಿದ್ದವು. 1974ರಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿಯುವ ಗುಣದಿಂದ ಹೆಚ್ಚು ಪರಿಣಾಮಕಾರಿಯಾಯಿತು. ಕ್ರಮೇಣ ಅದನ್ನು ತಾಳಿಕೊಳ್ಳುವ ಕಳೆಗಳೂ ಕಾಣಿಸಿಕೊಂಡವು. ಆದ್ದರಿಂದ ಬೆಳೆ ಪರಿವರ್ತನೆ, ದಟ್ಟವಾದ ಹೊದಿಕೆ ಬೆಳೆ, ಚಿಗುರನ್ನು ಪದೇ ಪದೇ ಕತ್ತರಿಸಿ ಬೇರಿನ ಆಹಾರ ಸಂಗ್ರಹವನ್ನು ಬರಿದುಮಾಡುವುದು ಮುಂತಾದ ಕ್ರಮಗಳನ್ನು ಇಂದು ಒಟ್ಟಾಗಿ ಅನುಸರಿಸಲಾಗುತ್ತದೆ.